ನೂರೈವತ್ತು ಗ್ರಾಂ ಗುಟ್ಟು

ಗುಟ್ಟಿಗೆ ತೂಕ ಬಂದ ಮೇಲೆ ಊದುಬತ್ತಿ ಕಾರ್ಖಾನೆಯ ಗೇಟಿನಲ್ಲಿ ಚೀಲ ತಡಕುವುದನ್ನು ಬಿಟ್ಟು ಜನರನ್ನೇ ತೂಗುತ್ತಿದ್ದರು. ಬೆಳಗ್ಗೆಗಿಂತ ಸಂಜೆ ಭಾರವಾದವರು ಹೊಟ್ಟೆಯಲ್ಲಿದ್ದುದನ್ನು ಗೇಟಿನ ಜಾಡಿಯೊಳಗೆ ಪಿಸುಗುಟ್ಟಿ ಹಗುರಾಗಿ ಹೋಗಬೇಕು. ಹದಿನೆಂಟು ವರ್ಷದಲ್ಲಿ ಕಾವಲುಗಾರ ತಿಪ್ಪೇಸ್ವಾಮಿ ಒಂದು ಗ್ರಾಂ ಗುಟ್ಟನ್ನೂ ಹೊರಗೆ ಬಿಟ್ಟವನಲ್ಲ. ಸ್ವಂತ ಭಾವಮೈದುನನನ್ನೂ ಬಿಟ್ಟಿರಲಿಲ್ಲ.

ಅಂದು ಮ್ಯಾನೇಜರರ ಟೈಪಿಸ್ಟ್ ವಿಮಲಾಕ್ಷಿ ತಕ್ಕಡಿ ಹತ್ತಿದಾಗ ಮುಳ್ಳು ನೂರೈವತ್ತು ಗ್ರಾಂ ಮುಂದೆ ಹೋಯಿತು.

“ಬೋಂಡ ತಿಂದೆ ಕಣಣ್ಣ.”

“ಬೋಂಡ ಕಳೆದೇ ಹೇಳ್ತಿರೋದು ಕಣಮ್ಮ.” ಅವನು ಜಾಡಿಯನ್ನು ಮುಂದೆ ತಳ್ಳಿದ.

ಅವಳು ಜಾಡಿಯನ್ನು ಪಕ್ಕಕ್ಕೆ ಸರಿಸಿ ಅವನ ಕಿವಿಯ ಹತ್ತಿರ ಬಗ್ಗಿದಳು. “ಇದು ನಿಮ್ಮ ವಿಷಯವೇ. ಬರೋ ತಿಂಗಳಿಂದ ತಕ್ಕಡಿ ತಾನೇ ಕಾವಲು ಕಾಯುತ್ತಂತೆ. ನೀವು ಬೇಡವಂತೆ. ಅಲ್ಲೀವರೆಗೂ ಯಾರಿಗೂ ಗೊತ್ತಾಗಬಾರದಂತೆ.”

ಮುಳ್ಳು ಹಿಂದೆ ಬಂತು. ಅವಳು ಬಸ್ಸು ಹತ್ತಿದಳು.

ಪಾಳಿ ಮುಗಿದ ಮೇಲೆ ತಿಪ್ಪೇಸ್ವಾಮಿ ತಾನೂ ತಕ್ಕಡಿ ಹತ್ತಿದ. ನೂರೈವತ್ತು ಗ್ರಾಂ ಹೆಚ್ಚು. ನಿಯಮವೆಂದರೆ ನಿಯಮ. ಜಾಡಿಯನ್ನು ಒಮ್ಮೆ ನೋಡಿ, ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಆಮೇಲೆ ಬಸ್ಸು ಬಂತೆಂದು ಕೂಗುವ ಮೈಕನ್ನು ಎಳೆದುಕೊಂಡು, ಇಡೀ ಕಾರ್ಖಾನೆಗೆ ಕೇಳುವಂತೆ ಒಂದಕ್ಷರವೂ ಬಿಡದೆ ಹೇಳಿದ.

ಎಲ್ಲರಿಗೂ ಗೊತ್ತಾದದ್ದು ಗುಟ್ಟಲ್ಲ. ಮುಳ್ಳು ಸರಿಯಾಗಿ ತನ್ನ ಜಾಗಕ್ಕೆ ಬಂತು. ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ‘ಏನೂ ಒಯ್ಯುತ್ತಿಲ್ಲ’ ಎಂದು ಬರೆದು ತಿಪ್ಪೇಸ್ವಾಮಿ ಮನೆಗೆ ಹೊರಟ.