ಅಂಜುದೀವ್‌ನಲ್ಲಿ ಹುಟ್ಟಿದವಳು

ಲಿಡ್ವಿನ್ ಬಾಯಿ ಸಿಂಕಿನ ಮುಂದೆ ನಿಂತು ಆರನೆಯ ಬಂಗುಡೆಯ ಹೊಟ್ಟೆ ಸೀಳುತ್ತಿದ್ದಾಗ ಮೊಮ್ಮಗಳು ರೆಶೆಲ್ ಬಂದು ಅವಳ ಸ್ವೆಟರಿನ ತುದಿ ಜಗ್ಗಿದಳು.

"ಅಜ್ಜಿ, ನಂಗೆ ಹಾಲು ಬೇಕು. ಫ್ರಿಡ್ಜ್ ತೆಗೀಬಹುದಾ ಅಂತ ಅವರನ್ನ ಕೇಳು."

"ಯಾರನ್ನೇ?"

ಒಂಬತ್ತು ವರ್ಷದ ಹುಡುಗಿ ಬಾಯಿಬಿಟ್ಟು ಹೇಳದೆ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಕೆಲಸದಿಂದ ಆಗಷ್ಟೇ ಬಂದು ಶೂ ಬಿಚ್ಚಲು ಬಗ್ಗಿದ್ದ ಶೆರಿನ್ ಬಗ್ಗಿದಂತೆಯೇ ಉಳಿದಳು. ಶೆರಿನ್ ಆ ಹುಡುಗಿಯ ಹೆತ್ತ ತಾಯಿ.

"ನಿನ್ನ ಮಮ್ಮಿ ಮನೆ ಕಣೇ. ಕೇಳೋದೇನು, ತೆಗಿ," ಎಂದಳು ಲಿಡ್ವಿನ್. ಹುಡುಗಿ ಎರಡೇ ಬೆರಳಲ್ಲಿ ಫ್ರಿಡ್ಜ್ ತೆರೆದು, ಹಾಲು ಸುರಿದುಕೊಂಡು, ಸದ್ದಾಗದಂತೆ ಮುಚ್ಚಿ ಟಿವಿ ಮುಂದೆ ಹೋಗಿ ಕೂತಳು.

"ಎಷ್ಟು ಡೀಸೆಂಟ್ ಗೆಸ್ಟು ನೋಡಮ್ಮಾ," ಎಂದು ಶೆರಿನ್ ನಗಲು ಹೋದಳು, ಆಗಲಿಲ್ಲ. "ಇನ್ನು ಹನ್ನೊಂದು ದಿನಕ್ಕೆ ವೀಸಾ ಮುಗೀತು, ಹೊರಟ್ಳು. ಹೀಗೇ ಇರ್ಲಿ ಬಿಡು. ಅಭ್ಯಾಸ ಆದ್ರೇನೇ ಕಷ್ಟ."

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ವೃದ್ಧಾಶ್ರಮವೊಂದರಲ್ಲಿ ಮುದುಕರ ಸೇವೆ ಮಾಡಲು ಶೆರಿನ್ ಬಂದು ಮೂರು ವರ್ಷ. ಗಂಡ ವಿನ್ಸೆಂಟ್ ಕುವೈತಿನಲ್ಲಿ. ಅವಳ ಸಂಬಳಕ್ಕೆ ಮಗುವನ್ನು ಜೊತೆಗಿಟ್ಟುಕೊಳ್ಳಲು ಇಲ್ಲಿನ ಕಾನೂನು ಬಿಡುತ್ತಿರಲಿಲ್ಲ; ಮಗು ಕಾರವಾರದಲ್ಲಿ ಅಜ್ಜಿಯ ಹತ್ತಿರ. ಈಗ ಇಬ್ಬರೂ ವಿಸಿಟ್ ವೀಸಾದಲ್ಲಿ ಬಂದಿದ್ದರು. ಇದಕ್ಕೊಂದು ದಾರಿ ಇಲ್ಲದಿರಲಿಲ್ಲ. ಲಿಡ್ವಿನ್ ಹುಟ್ಟಿದ್ದು ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ, ಪೋರ್ಚುಗೀಸರ ಆಳ್ವಿಕೆಯಲ್ಲಿ. ಅವಳಿಗೆ ಎಂಟು ವರ್ಷವಾದಾಗ ಗುಂಡಿನ ಸದ್ದಾಯಿತು, ಒಂದು ಬಾವುಟ ಇಳಿಯಿತು, ಇನ್ನೊಂದು ಏರಿತು. ಬಾವುಟ ಇಳಿಸಿದವರೂ ದ್ವೀಪದ ಜನರನ್ನು ಏನೂ ಕೇಳಲಿಲ್ಲ, ಏರಿಸಿದವರೂ ಕೇಳಲಿಲ್ಲ. ಆದರೆ ದ್ವೀಪ ಕೈಬಿಟ್ಟರೂ ಅಲ್ಲಿ ಹುಟ್ಟಿದವರ ಹೆಸರಿದ್ದ ಪುಸ್ತಕವನ್ನು ಪೋರ್ಚುಗೀಸರು ಮುಚ್ಚಿರಲಿಲ್ಲ. ಲಿಡ್ವಿನ್ ಕೇಳಿಕೊಂಡರೆ ಅವಳು ಅವರ ಪ್ರಜೆ. ಅವಳಿಂದ ಮಗಳು, ಮಗಳಿಂದ ಮೊಮ್ಮಗಳು. ಆಮೇಲೆ, ಯುರೋಪ್ ಒಕ್ಕೂಟದ ಪ್ರಜೆಗಳಾಗಿ, ತಾಯಿ ಮಗು ಐರ್ಲೆಂಡಿನಲ್ಲಿ ಒಟ್ಟಿಗಿರುವುದನ್ನು ಯಾರೂ ತಡೆಯುವಂತಿಲ್ಲ. ಲಿಸ್ಬನ್ನಿನ ವಕೀಲರಿಗೆ ಹೋಗಬೇಕಾದ ಕಾಗದಕ್ಕೆ ಮೂರು ವರ್ಷದಿಂದ ಒಂದೇ ಒಂದು ಸಹಿ ಬಾಕಿ.

ಲಿಡ್ವಿನ್ ಆ ಸಹಿ ಹಾಕಿರಲಿಲ್ಲ. ಅವಳ ತಾಯಿಯನ್ನು ಮಣ್ಣು ಮಾಡಿದ್ದು ದ್ವೀಪದ ಇಗರ್ಜಿಯ ಪಕ್ಕದಲ್ಲಿ. ಈಗ ದ್ವೀಪ ನೌಕಾಪಡೆಯದು. ಮೊದಲು ಹಬ್ಬಕ್ಕಾದರೂ ದೋಣಿ ಬಿಡುತ್ತಿದ್ದರು, ಆಮೇಲೆ ಅದೂ ನಿಂತಿತು. ಪ್ರತಿ ವರ್ಷ ಅವಳು ಪಾದ್ರಿಗಳ ಕೈಲಿ ಬರೆಸಿ, ಒಂದು ಮೇಣಬತ್ತಿ ಹಚ್ಚಿ ಬರಲು ಅನುಮತಿ ಕೇಳುತ್ತಿದ್ದಳು. ಉತ್ತರ ಬಂದಿರಲಿಲ್ಲ. ಬರುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಅವಳು ಚಾಕು ಕೆಳಗಿಟ್ಟಳು. "ಆ ಕಾಗದ ಎಲ್ಲಿಟ್ಟಿದೀಯ?"

"ಬೇಡಮ್ಮಾ. ನಾನು ಕೇಳೋದು ಬಿಟ್ಟು ವರ್ಷ ಆಯ್ತು."

"ಬಿಟ್ಟಿದೀಯಲ್ಲ, ಅದಕ್ಕೇ ಹೇಳ್ತಿರೋದು. ತಾ."

"ಸಹಿ ಹಾಕಿದ್ರೆ ನಮ್ಮ ದೇಶದ ಪಾಸ್‌ಪೋರ್ಟ್ ವಾಪಸ್ ಕೊಡ್ಬೇಕು, ಗೊತ್ತಲ್ಲ? ಆಮೇಲೆ ನೀನು ಫಾರಿನರ್. ನೇವಿಯವರಿಗೆ ಅರ್ಜಿ ಹಾಕೋದೂ ಮುಗೀತು."

"ಹುಟ್ಟಿದ ಜಾಗಕ್ಕೆ ಹೋಗೋಕೆ ಪರ್ಮಿಷನ್ ಕೇಳೋದು ನಂಗೆ ಒಗ್ಗಿಹೋಗಿದೆ ಮಗಾ," ಎಂದಳು ಲಿಡ್ವಿನ್, ಟಿವಿ ಕಡೆ ನೋಡುತ್ತಾ. "ಆ ಕೂಸು ಈಗಲೇ ಕಲಿಯೋದು ಬೇಡ."

ಶೆರಿನ್ ಕಾಗದ ತಂದಿಟ್ಟಳು. ಲಿಡ್ವಿನ್ ಸೋಪು ಹಾಕಿ ಎರಡು ಸಲ ಕೈ ತೊಳೆದು, ಒಂದೊಂದೇ ಅಕ್ಷರ ಕೂರಿಸಿ ಸಹಿ ಮಾಡಿ, ಹಾಳೆಯನ್ನು ಮೂಸಿ ನೋಡಿದಳು.

"ಬಂಗುಡೆ ವಾಸನೆ ಹತ್ತಿತಲ್ಲೇ."

"ಗ್ರ್ಯಾಂಡ್ ಬಿಡಮ್ಮಾ, ಪರವಾಗಿಲ್ಲ. ಲಿಸ್ಬನ್‌ನೋರೂ ಮೀನು ತಿನ್ನೋರೇ," ಎಂದ ಶೆರಿನ್ ಮೂಗೊರೆಸಿಕೊಂಡಳು. "ನಾಳೆ ಪೋಸ್ಟ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ತೀನಿ."

"ನಾಳೆ ಅಂದ್ರೆ ನನ್ನ ಮನಸ್ಸು ತಿರುಗತ್ತೆ. ಈಗಲೇ ನಡಿ."

ಮನೆಯಲ್ಲಿ ಇದ್ದಬದ್ದ ಸ್ಟಾಂಪೆಲ್ಲ ಹಚ್ಚಿ ಮೂವರೂ ಹೊರಟರು. ಜಿಟಿಜಿಟಿ ಮಳೆ. ಹಳೆಯ ಬೀದಿಯ ಗೋಡೆಯಲ್ಲಿ ಹುದುಗಿದ್ದ ಟಪಾಲು ಡಬ್ಬಿಗೆ ದಪ್ಪಗೆ ಹಸಿರು ಬಣ್ಣ ಬಳಿದಿತ್ತು. ಲಕೋಟೆ ಹಾಕಲು ಬಾಯಿ ಹುಡುಕುತ್ತಿದ್ದ ಲಿಡ್ವಿನ್‌ಳ ಬೆರಳಿಗೆ ಬಣ್ಣದ ಕೆಳಗಿನಿಂದ ಏನೋ ಉಬ್ಬು ತಾಗಿತು. ಕಿರೀಟ. ಅದರಡಿ ಎರಡು ಅಕ್ಷರ.

"ಇದ್ಯಾರದ್ದೇ?"

"ಇಂಗ್ಲೆಂಡಿನ ರಾಜನದ್ದು. ಈ ಐರಿಷ್‌ನೋರು ಸ್ವತಂತ್ರ ಆದ್ಮೇಲೆ ಕೀಳೋಕೆ ಹೋಗ್ಲಿಲ್ಲ. ಹಸಿರು ಬಳಿದು ಹಾಗೇ ಇಟ್ಕೊಂಡ್ರು."

"ಜಾಣರು," ಎಂದಳು ಲಿಡ್ವಿನ್. "ಯಾವ ಡಬ್ಬಿಯಾದ್ರೇನು, ಕಾಗದ ತಲುಪಿದ್ರೆ ಸಾಕು."

ಲಕೋಟೆ ಹಿಡಿದ ಕೈಯನ್ನು ಮಣಿಕಟ್ಟಿನವರೆಗೂ ಒಳಗೆ ತೂರಿಸಿದಳು. ಅದು ತಳಕ್ಕೆ ಬಿದ್ದ ಸದ್ದು ರೆಶೆಲ್‌ಗೂ ಕೇಳಿತು. ಆದರೂ ಅಜ್ಜಿಯ ಕೈ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.