ಅಪ್ರದಕ್ಷಿಣೆ

ಪಾರ್ಕಿನಲ್ಲಿ ಎಲ್ಲರೂ ಗುಡಿ ಸುತ್ತುವಂತೆ ಪ್ರದಕ್ಷಿಣೆಯಾಗಿಯೇ ಓಡುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು ತಾವು ಹಿಂದೆ ಹಾಕಿದವರನ್ನೆಲ್ಲ ಕೂಗಿ ಎಣಿಸುತ್ತಿದ್ದರು.

“ನಿಮ್ಮನ್ನ ದಾಟಿದ್ದು ಇದು ನಾಲ್ಕನೇ ಸಲ, ಅಂಬುಜಮ್ಮ! ಈ ಭಾಗ್ಯಕ್ಕೆ ಮನೇಲಿ ಕೂತು ಅವರೆಕಾಯಿ ಸುಲೀಬಾರ್ದಾ?”

ಅಂಬುಜಮ್ಮ ನಿಂತರು. ಸೆರಗನ್ನು ಸೊಂಟಕ್ಕೆ ಬಿಗಿದು, ತಿರುಗಿ, ಬಂದ ದಾರಿಯಲ್ಲೇ ಓಡತೊಡಗಿದರು.

ಅರ್ಧ ಸುತ್ತಿಗೆ ಮೇಷ್ಟ್ರು ಎದುರಾದರು. “ಅಯ್ಯೋ, ಇದೇನ್ರೀ ಅಪ್ರದಕ್ಷಿಣೆ!”

“ನಡುವೆ ಇರೋದು ನೀರಿನ ಟ್ಯಾಂಕು ಮೇಷ್ಟ್ರೇ, ದೇವರಲ್ಲ.”

“ಹೀಗೆ ಓಡಿದ್ರೆ ಯಾರು ಮುಂದೆ, ಯಾರು ಹಿಂದೆ ಅಂತ ಗೊತ್ತಾಗೋದು ಹೇಗೆ?”

“ಗೊತ್ತಾಗೋದೇ ಬೇಡ. ನನ್ನ ಓಟ ನನಗೆ.”

ಮರುದಿನ ಬೆಳಿಗ್ಗೆ ಮೇಷ್ಟ್ರಿಗೆ ಎಲ್ಲರ ಮುಖವೂ ಎದುರಿಗೇ ಬಂತು. ದಾಟಲು ಒಂದೇ ಒಂದು ಬೆನ್ನೂ ಸಿಗಲಿಲ್ಲ.