ಸೋಮವಾರದ ಚೀಲ

ಕಾಗದದ ಟಿಕೆಟ್ ಇಲ್ಲದೆ ಬೋರ್ಡಿಂಗ್ ಪಾಸ್ ಕೊಡಲಾಗದು ಎಂದು ನ್ಯೂವಾರ್ಕ್ ಏರ್‌ಪೋರ್ಟಿನ ಕೌಂಟರಿನಾಕೆ ಮತ್ತೆ ಹೇಳಿದಾಗ ಸುಪ್ರಿಯಾ ಅತ್ತೆಯ ಕೈಚೀಲವನ್ನು ಮೂರನೆಯ ಸಲ ತಲೆಕೆಳಗು ಮಾಡಿದಳು. ಮಾತ್ರೆ, ವಿಭೂತಿ ಗಟ್ಟಿ, ಪಾಸ್‌ಪೋರ್ಟ್ ಬಿದ್ದವು. ಚೆಕ್‌ಇನ್ ಮುಚ್ಚಲು ನಲವತ್ತು ನಿಮಿಷವಿತ್ತು. ಗಂಡ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ವೈಟೂಕೆ ಕೆಲಸ ಬಿಟ್ಟು ಬಂದಿರಲಿಲ್ಲ.

“ಸೋಮವಾರದ ಚೀಲದಾಗ ಹೋತೇನವಾ?” ಎಂದರು ಧಾರವಾಡಕ್ಕೆ ಹೊರಟಿದ್ದ ಅತ್ತೆ ಚನ್ನಬಸಮ್ಮ. ಸುಪ್ರಿಯಾಳ ಕೈ ನಿಂತಿತು. ಮಂಗಳವಾರದ ಪ್ರಯಾಣ ಒಳ್ಳೆಯದಲ್ಲವೆಂದು ಅವರು ನಿನ್ನೆ ಸೋಮವಾರವೇ ಸೀರೆಯೊಂದನ್ನು ಚೀಲಕ್ಕೆ ಹಾಕಿ, ಸೊಸೆಯ ಕೈಯಲ್ಲಿ ಪಕ್ಕದ ಮನೆಯ ಸ್ಮಿತಾಳಲ್ಲಿ ಇಡಿಸಿದ್ದರು. ಚೀಲ ಹೊರಟರೆ ತಾವೂ ಹೊರಟಂತೆ. ಸುಪ್ರಿಯಾ ನಕ್ಕಿದ್ದಳು. ಬೆಳಿಗ್ಗೆ ಗಡಿಬಿಡಿಯಲ್ಲಿ ಅದನ್ನು ತರಲು ಇಬ್ಬರೂ ಮರೆತಿದ್ದರು.

“ಟಿಕೆಟ್ ಸೀರೆ ಮಡಿಕೆಯಲ್ಲೇ ಇದೆ ಕಣೆ, ಈಗಲೇ ಡ್ರೈವ್ ಮಾಡ್ಕೊಂಡು ಬರ್ತೀನಿ” ಎಂದಳು ಸ್ಮಿತಾ ಫೋನಿನಲ್ಲಿ. ಮನೆಯಿದ್ದ ವುಡ್‌ಬ್ರಿಡ್ಜ್‌ನಿಂದ ಅರ್ಧ ಗಂಟೆ, ಅದೂ ದಾರಿ ಖಾಲಿಯಿದ್ದರೆ.

“ಮಂದಿಗೆಲ್ಲ ತ್ರಾಸ ಕೊಟ್ಟೆ. ನಾನೇ ಮರೆತು ಇಟ್ಟಿರಬೇಕವಾ, ವಯಸ್ಸಾತು” ಎಂದು ಚನ್ನಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸುಪ್ರಿಯಾ ಆ ಕೈ ಹಿಡಿದಳು. “ನೀವಲ್ಲ ಅತ್ತೆ, ಟಿಕೆಟ್ ನಾನೇ ಆ ಚೀಲದಲ್ಲಿಟ್ಟು ಮರೆತೆ. ಅಷ್ಟು ದೂರ ಒಬ್ಬರೇ ಹೋಗ್ತಿದ್ದೀರಿ... ಬರೀ ಸೀರೆ ಹೊರಟರೆ ಸಾಲಲ್ಲ, ಟಿಕೆಟ್ಟೂ ಸೋಮವಾರವೇ ಹೊರಡಲಿ ಅನ್ನಿಸ್ತು.”